ಏನಾಗಬೇಕು

ಬೇಲ್ ಸಿಕ್ಕಿ ಮೂವತ್ತೆಂಟು ದಿನ.
ಹುಡುಗ ಇನ್ನೂ ಕೊಡಿಯಾಲಬೈಲಿನ ಗೋಡೆಯೊಳಗೆ.
ಬೈಲು ಅಂದರೆ ಗದ್ದೆ, ಬಯಲು, ಗೋಡೆಯೇ ಇಲ್ಲದ ಜಾಗ;
ಈ ಊರಿನಲ್ಲಿ ಹೆಸರಿಗೂ ಹೂರಣಕ್ಕೂ
ಯಾವತ್ತು ಹೊಂದಿಕೆ ಇತ್ತು ಹೇಳಿ.

"ಸಿಕ್ಕಿದ ಮೇಲೆ ಬಿಡಲಿಕ್ಕೆ ಎಂತ ರೋಗ?" ಅಂತ ಕೇಳಿದೆ.
ವಕೀಲೆ ಮಿಸ್ರಿಯಾ ಅರ್ಧ ಕುಡಿದ ಬಾದಾಮಿ ಹಾಲು ಪಕ್ಕಕ್ಕಿಟ್ಟು
ಮಗ್ಗಿ ಹೇಳಿಕೊಡುವ ಹಾಗೆ ಹೇಳಿದಳು:
"ಐವತ್ತು ಸಾವಿರದ ಬಾಂಡು ಬಾಯಮ್ಮಾ,
ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ.
ಈ ಊರಿನವರೇ ಆಗಬೇಕು. ಹೆಸರಲ್ಲಿ ಜಾಗ ಇರಬೇಕು."
ಜಾರ್ಖಂಡಿನ ಸೋಮಾಯಿ ಮುರ್ಮುಗೆ ಈ ಊರಿನಲ್ಲಿ ಇದ್ದದ್ದು
ಎರಡು ಲುಂಗಿ, ಒಂದು ಚಾರ್ಜರು,
ನನ್ನ ಹಿಂಬದಿಯ ಕೋಣೆಯಲ್ಲಿ ಒಂದು ಚಾಪೆ.

"ಐವತ್ತು ಸಾವಿರ ಎಲ್ಲಿಂದ ತರಲಿ?"
"ತರುವುದು ಬೇಡ. ಇವತ್ತು ಒಂದು ಪೈಸೆಯೂ ಕಟ್ಟಲಿಕ್ಕಿಲ್ಲ.
ಅವನು ವಾಯಿದೆಗೆ ಬಾರದಿದ್ದರೆ ಕಟ್ಟುತ್ತೇನೆ ಅಂತ
ಇವತ್ತು ಬರೆದುಕೊಡುವುದು."
"ಅವನು ಕದಿಯಲಿಲ್ಲ ಅಂತಲೂ ಬರೆಯಬೇಕಾ?"
ಯಾಕೆಂದರೆ ನನಗೆ ಗೊತ್ತಿಲ್ಲ.
ಬೋಟಿನ ಜಿಪಿಎಸ್ಸು ಹೋದದ್ದು ನಿಜ,
ಆ ರಾತ್ರಿ ಬೋಟಿನಲ್ಲಿ ಮಲಗಿದ್ದವನು ಇವನು, ಅದೂ ನಿಜ.
ನಡುವಿನದ್ದು ದೇವರಿಗೆ ಗೊತ್ತು, ಅವನು ಸಾಕ್ಷಿಗೆ ಬರುವುದಿಲ್ಲ.
ಮಿಸ್ರಿಯಾ ನಕ್ಕಳು: "ಅದನ್ನು ನಿಮ್ಮ ಹತ್ತಿರ ಯಾರೂ ಕೇಳುವುದಿಲ್ಲ.
ಒಳ್ಳೆಯವನು ಅಂತ ಅಲ್ಲ, ಬರುತ್ತಾನೆ ಅಂತ. ಅಷ್ಟೇ."

ಅಷ್ಟೇ ಅಂದರೆ ಎಷ್ಟು ಅಂತ
ಬೋಳಾರದ ತನಕ ಬಸ್ಸಿನಲ್ಲಿ ಲೆಕ್ಕ ಹಾಕಿದೆ.
ನನ್ನ ಗಂಡ ಬರುತ್ತೇನೆ ಅಂತ ಹೇಳಿ ಮಸ್ಕತ್ತಿಗೆ ಹೋದವನು;
ಅವನಿಗೆ ಯಾರೂ ಜಾಮೀನು ನಿಂತಿರಲಿಲ್ಲ.

ಕೋರ್ಟಿನ ಗೇಟಿನಲ್ಲಿ ಒಬ್ಬ ಸಫಾರಿ ಅಂಗಿಯವನು
ಕಿವಿಯ ಹತ್ತಿರ ಬಂದ: "ಮೂರು ಸಾವಿರ ಕೊಡಿ, ನಾನೇ ನಿಲ್ಲುತ್ತೇನೆ."
ಎಲ್ಲೋ ಒಂದು ಬೋಳುಗುಡ್ಡೆ ಉಂಟಂತೆ ಅವನದ್ದು,
ಇಷ್ಟರವರೆಗೆ ಹನ್ನೊಂದು ಮಂದಿಯನ್ನು ಹೊತ್ತಿದೆಯಂತೆ.
ನನ್ನದು ಐದು ಸೆಂಟ್ಸು, ಒಬ್ಬನಿಗೇ ಸಾಕು.
ಆರ್‌ಟಿಸಿ, ತೆರಿಗೆ ರಶೀದಿ, ಆಧಾರು, ಅಫಿದಾವಿತ್ತು, ಎರಡು ಫೋಟೋ.
ಫೋಟೋದಲ್ಲಿ ನಾನೇ ಕಳ್ಳಿಯ ಹಾಗೆ ಕಾಣುತ್ತೇನೆ.

ಕರೆಯುವವನು "ಸೋಮಯ್ಯನ ಕೇಸು, ಸೋಮಯ್ಯನ ಕೇಸು" ಅಂತ ಕೂಗಿ
ಅವನನ್ನು ನಮ್ಮ ಕಡೆಯವನನ್ನಾಗಿ ಮಾಡಿದ.
ಜಡ್ಜರು ಕನ್ನಡಕದ ಮೇಲಿಂದ ನೋಡಿದರು:
"ಫ್ಲೋರಿನ್ ಕ್ರಾಸ್ತಾ, ಆರೋಪಿ ನಿಮಗೆ ಏನಾಗಬೇಕು?"

ಮಗ ಅಲ್ಲ. ಅಳಿಯ ಅಲ್ಲ. ಇಗರ್ಜಿಯವನೂ ಅಲ್ಲ.
ಅವನು ಹೇಳುವುದು ನನಗೆ ಅರ್ಧ ಗೊತ್ತಾಗುವುದಿಲ್ಲ,
ನಾನು ಬೈಯುವುದು ಅವನಿಗೆ ಪೂರ್ತಿ ಗೊತ್ತಾಗುತ್ತದೆ.
"ಬಾಕಿ ಆಗಬೇಕು ಸ್ವಾಮಿ," ಅಂದೆ, "ಎರಡು ತಿಂಗಳ ಬಾಡಿಗೆ."
ಗುಮಾಸ್ತನ ಪೆನ್ನು ನಿಂತಿತು. ಫ್ಯಾನು ಮಾತ್ರ ತಿರುಗಿತು.
"ಓಡಿಹೋದರೆ?"
"ನನಗೆ ಎರಡು ಕಡೆಯಿಂದ ನಷ್ಟ."
ಸಹಿ ಹಾಕಿ ಅಂದರು.

ಮುಚ್ಚಳಿಕೆ ಅನ್ನುತ್ತಾರೆ ಆ ಕಾಗದಕ್ಕೆ.
ಯಾವ ಪಾತ್ರೆಯ ಮುಚ್ಚಳವೋ, ಒಳಗೆ ಎಂತ ಬೇಯುತ್ತಿದೆಯೋ,
ಎತ್ತಿ ನೋಡಲಿಲ್ಲ.

ಈಗ ಸೋಮಾಯಿ ಕಡಲಿಗೆ ಹೋಗುವಂತಿಲ್ಲ.
ಕೋರ್ಟಿನ ಸರಹದ್ದು ದಾಟಬಾರದು ಅಂತ ಶರತ್ತು.
ನೀರಿನಲ್ಲಿ ಸರಹದ್ದು ಎಲ್ಲಿ ಮುಗಿಯುತ್ತದೆ ಅಂತ ಕೇಳಿದ್ದಕ್ಕೆ
ಮಿಸ್ರಿಯಾ ದಪ್ಪ ಪುಸ್ತಕ ತೆರೆದು ನೋಡಿ ಮತ್ತೆ ಮುಚ್ಚಿದಳು.
ಧಕ್ಕೆಯ ಶೆಡ್ಡಿನಲ್ಲಿ ಬಲೆ ಹೊಲಿಯುತ್ತಾನೆ.
ಭಾನುವಾರ ನಾನು ಪೂಜೆಯಿಂದ ಬರುವ ಹೊತ್ತಿಗೆ
ಅವನು ಠಾಣೆಯ ಸಹಿಯಿಂದ ಬರುತ್ತಾನೆ.
ಬಾಕಿ ಮೂರು ತಿಂಗಳದ್ದಾಯಿತು.

ನಾಳೆ ವಾಯಿದೆ.
ರಾತ್ರಿ ಎರಡು ಗಂಟೆಗೆ ಎದ್ದು
ಬೆಕ್ಕು ಬಂದಿರಬೇಕು ಅಂತ ನನಗೆ ನಾನೇ ಸುಳ್ಳು ಹೇಳಿ
ಹಿಂಬದಿಗೆ ಟಾರ್ಚು ಬಿಟ್ಟೆ.
ಮೆಟ್ಟಿಲ ಮೇಲೆ ಅವನ ಹವಾಯಿ ಚಪ್ಪಲಿ,
ಎಡಗಾಲಿನದ್ದಕ್ಕೆ ಬಲೆಯ ನೈಲಾನು ದಾರದ ಬಾರು,
ಐವತ್ತು ಸಾವಿರ ರೂಪಾಯಿ.
ಟಾರ್ಚು ಆರಿಸಿದೆ. ಒಳಗೆ ಅವನು
ಅವನ ಭಾಷೆಯಲ್ಲಿ ಕೆಮ್ಮಿದ.