ಮೂರನೆಯ ಚಮಚ

ಕರಕ್ ಕೋಟೆಯ ಕೆಳಗಿನ ದಾಖಲೆ ಕಚೇರಿಯಲ್ಲಿ
ಸೀಮೆಎಣ್ಣೆ ಒಲೆಯ ಮೇಲೆ ಚಹಾ ಕುದಿಯುತ್ತಿತ್ತಂತೆ.
ಹೊರಗೆ ಹಿಮ. ಅಪ್ಪನ ಬೂಟಿನ ತುಂಬ
ಫಾಸ್ಫೇಟ್ ಗಣಿಯ ಬಿಳಿ ಪುಡಿ.
ಮಗುವಿನ ಹೆಸರು? ಎಂದ ಗುಮಾಸ್ತ,
ಅಪ್ಪನ ಲೋಟಕ್ಕೆ ಸಕ್ಕರೆ ಸುರಿಯುತ್ತ,
ಒಂದು, ಎರಡು...
ಮೂರನೆಯ ಚಮಚಕ್ಕೆ ಅಪ್ಪ ಕೈ ಅಡ್ಡ ಹಿಡಿದು
"ಕಿಫಾಯಾ" ಎಂದ. ಸಾಕು.
ಗುಮಾಸ್ತ ಚಮಚ ಇಟ್ಟು, ಲೇಖನಿ ಎತ್ತಿ
ಅದನ್ನೇ ಬರೆದುಕೊಂಡ.

ಇದು ಅಮ್ಮ ಹೇಳುವ ಕತೆ.

ಸೋದರತ್ತೆ ಶಮ್ಸಾ ಹೇಳುವುದೇ ಬೇರೆ:
ಯಾವ ಸಕ್ಕರೆ, ಯಾವ ಚಮಚ!
ಫೌಜಿಯಾ, ರಸ್ಮಿಯಾ, ನಜಾಹ್, ಸಬ್ಹಾ, ನುಜ್ಹಾ,
ಐದರ ಮೇಲೆ ಆರನೆಯದೂ ಹೆಣ್ಣೆಂದು
ಸೂಲಗಿತ್ತಿ ಹೇಳಿದಾಗ ನಿನ್ನಪ್ಪ ಹೊಸ್ತಿಲಲ್ಲಿ ನಿಂತು
ಮೇಲೆ ನೋಡಿ ಅಂದದ್ದು ಅದು.
ದೇವರಿಗೆ ಬರೆದ ಅರ್ಜಿ ಕಣೇ ನಿನ್ನ ಹೆಸರು.

ಅರ್ಜಿ ತಿರಸ್ಕಾರವಾಯಿತು.
ಎರಡು ವರ್ಷಕ್ಕೆ ನಿಹಾಯಾ ಹುಟ್ಟಿದಳು.
ಹಾಗೆಂದರೆ ಕೊನೆ.
ಕೊನೆಯಾದ ಮೇಲೂ ಒಬ್ಬಳು ಬಂದಳು;
ಮಾತು ಮುಗಿದು, ಅವಳಿಗೆ ಅಜ್ಜಿಯ ಹೆಸರಿಟ್ಟರು.

ಶಾಲೆಯಲ್ಲಿ ರೊಟ್ಟಿ ಹಂಚುವಾಗ ಹುಡುಗಿಯರು
ನನ್ನ ಹೆಸರು ಕೂಗಿ, ತಿರುಗಿದರೆ,
"ನಿನ್ನನ್ನಲ್ಲ, ಹೊಟ್ಟೆ ತುಂಬಿತು ಅಂದೆವು" ಎಂದು ನಗುವರು.
ವ್ಯಾಕರಣದ ಟೀಚರ್ ಇಬ್ತಿಹಾಜ್ ಒಂದು ದಿನ
ದಾಳಿಂಬೆ ಬಿಡಿಸುವ ಹಾಗೆ
ನನ್ನನ್ನು ಹಲಗೆಯ ಮೇಲೆ ಬಿಡಿಸಿಟ್ಟರು:
ಕಾಫ್, ಫಾ, ಯಾ.
ಇದು ಬೇರು. ಕೊರತೆ ನೀಗುವುದು, ಕಾಯುವುದು,
ಇನ್ನೊಬ್ಬರ ಮುಂದೆ ಕೈಚಾಚದಂತೆ ಮಾಡುವುದು.
ದೇವರನ್ನು ಕರೆಯುವ ಒಂದು ಹೆಸರೂ
ಇದೇ ಬೇರಿನದು, ಎಂದರು.
ಓಡಿಬಂದು ಅಪ್ಪನಿಗೆ ಹೇಳಿದೆ.
ಬೂಟು ಕಳಚುತ್ತ, "ಹಾಗೋ" ಎಂದ.
ಅಷ್ಟೇ.

ಸಾಕು ಎಂದವನೇ ಸಾಕಿದ.
ಹಬ್ಬ ಬಂದರೆ ಎಂಟು ಪಾದಗಳ ಅಳತೆಯನ್ನು
ಒಂದೇ ದಾರದಲ್ಲಿ ಗಂಟು ಹಾಕಿಕೊಂಡು
ಪೇಟೆಗೆ ಹೋಗುತ್ತಿದ್ದ.
ನನ್ನ ಗಂಟು ಒಮ್ಮೆಯೂ ತಪ್ಪಲಿಲ್ಲ
ಎಂದು ಬರೆಯುವ ಆಸೆ.
ತಪ್ಪುತ್ತಿತ್ತು. ಹಿಮ್ಮಡಿ ಕಚ್ಚುತ್ತಿತ್ತು.

ಈಗ ಅವನ ಎದೆಗೂಡಿನಲ್ಲೂ ಆ ಬಿಳಿ ಪುಡಿ.
ಕೆಂಪು ಬೇಳೆಯ ಸಾರು ಕುಡಿಸುತ್ತೇನೆ.
ಒಂದು. ಎರಡು.
ಮೂರನೆಯ ಚಮಚ ತುಟಿಯ ಬಳಿ ಬಂದಾಗ
ಕಣ್ಣು ತೆರೆದು
"ಕಿಫಾಯಾ" ಎನ್ನುತ್ತಾನೆ.

ಕರೆದನೋ, ತಡೆದನೋ.
ನನ್ನ ಕೈ ಗಾಳಿಯಲ್ಲೇ ನಿಂತಿದೆ,
ಸಾರು ಆರುತ್ತಿದೆ.

ಯಾವುದಕ್ಕೂ ಇರಲಿ ಎಂದು
ಓ ಎನ್ನುತ್ತೇನೆ.