ದಾರವಿಲ್ಲದ ಕಾಯಿ

ಬಿಸಿಲು ಇಳಿದ ಮೇಲೆ ಹೆಣ್ಣುಸಾಲಿಗೆ ಇಳಿಯುತ್ತೇವೆ,
ತಾವರಗೇರಾದ ಆಚೆ, ಮಸಾರಿ ಹೊಲ, ಬೀಜದ ಹತ್ತಿ.
ನಾಳೆ ಬಿರಿಯುವ ಮೊಗ್ಗು ಇಂದೇ ಗೊತ್ತಾಗುತ್ತದೆ:
ತುದಿ ಉಬ್ಬಿ, ಬೆಣ್ಣೆಬಣ್ಣ ಇಣುಕಿರುತ್ತದೆ.
ಹೆಬ್ಬೆರಳ ಉಗುರು ಒತ್ತಿ ಒಂದು ಸುತ್ತು ತಿರುವಿದರೆ
ಎಸಳು, ಕೇಸರ, ಎಲ್ಲ ಟೊಪ್ಪಿಗೆಯಂತೆ ಕಳಚಿ
ಉಳಿಯುವುದು ಅಂಟಂಟು ಕಡ್ಡಿಯೊಂದು.
ಅದಕ್ಕೆ ಕೆಂಪು ಕಾಗದದ ಕೊಳವೆ, ರಾತ್ರಿಯ ಕಾವಲು.

ಬೆಳಿಗ್ಗೆ ಒಂಬತ್ತಕ್ಕೆ ಗಂಡುಹೂ ಬುಟ್ಟಿಯಲ್ಲಿ ಬರುತ್ತವೆ.
ಒಂದು ಗಂಡಿಗೆ ಐದು ಹೆಣ್ಣು. ಸವರು, ದಾರ ಕಟ್ಟು, ಮುಂದೆ.
"ಎಷ್ಟು ಲಗ್ನ ಆದ್ವಬೇ ಹುಲಿಗೆಮ್ಮಾ?"
"ಆರನೂರು. ಒಬ್ರರ ಊಟಕ್ಕ ಕರದಾರೇನ ಕೇಳು."
ನಗು ಸಾಲಿನಿಂದ ಸಾಲಿಗೆ ಹೋಗಿ
ಸೂಪರ್‌ವೈಸರನ ಕೊಡೆಯ ಹತ್ತಿರ ಸುಮ್ಮನಾಗುತ್ತದೆ.

ದಾರವಿಲ್ಲದ ಕಾಯಿ ಕಂಡರೆ ಆತ ಕೂಗುತ್ತಾನೆ:
ಕಳ್ಳಬಸಿರು, ಕೀಳು!
ನಮ್ಮ ಕಣ್ಣು ತಪ್ಪಿದ ಹೂ ಅದು;
ಯಾವುದೋ ಜೇನು ಬಂದು ಹೋಗಿರಬೇಕು
ಕೂಲಿ ಕೇಳದೆ, ಹಾಜರಿ ಹಾಕಿಸದೆ.

ಹೋದ ಸಲ ಕೊನೆಯ ಬಿಡಿಸುವಿಕೆಯಲ್ಲಿ
ಅಂಥದೊಂದು ಸಿಕ್ಕಿತು, ಆಗಲೇ ಬಾಯಿಬಿಟ್ಟದ್ದು.
ಉಡಿಗೆ ಹಾಕಿಕೊಂಡೆ.
ಬಚ್ಚಲ ನೀರು ಹರಿಯುವಲ್ಲಿ ಏಳು ಬೀಜ ಊರಿದೆ.
ಮೂರು ಎದ್ದವು. ಒಂದು ಗಿಡ್ಡ, ಒಂದಕ್ಕೆ ಬರೀ ಎಲೆ,
ಮೂರನೆಯದರಲ್ಲಿ ಇವತ್ತು ಒಂದು ಮೊಗ್ಗು,
ತುದಿ ಉಬ್ಬಿದೆ.

ಕಾಲು ತೊಳೆಯಲು ಬಂದವಳು ಅದರೆದುರು ಕೂತುಬಿಟ್ಟೆ.
ಹೊತ್ತೂ ಅದೇ, ಬಿಸಿಲು ಇಳಿಯುವ ಹೊತ್ತು.
ಹೆಬ್ಬೆರಳು ತಾನಾಗಿಯೇ ಮಡಚಿತು.
ಅದನ್ನು ಸೆರಗಿನಲ್ಲಿ ಸುತ್ತಿ
ಗಟ್ಟಿಯಾಗಿ ಹಿಡಿದುಕೊಂಡೆ.