ಎಂಟು ಹನಿ

ಅರಸೀಕೆರೆಯ ಸರ್ಕಾರಿ ಆಸ್ಪತ್ರೆ, ಒಂಬತ್ತನೇ ನಂಬರಿನ ಕೋಣೆ.
ಮೈಸೂರು ಗಾಡಿ ಬಂದಾಗಲೆಲ್ಲ
ಸ್ಟ್ಯಾಂಡಿನಲ್ಲಿ ಗಾಜಿನ ನಳಿಕೆಗಳು ಹಲ್ಲು ಕಡಿಯುತ್ತವೆ.
ಜನ ತರುತ್ತಾರೆ ತಂತಮ್ಮದನ್ನು
ಸೆರಗಿನಡಿ, ಪೇಪರು ಸುತ್ತಿ, ಟವಲಿನೊಳಗೆ,
ಕೆಮ್ಮಿನ ಔಷಧಿಯ ಶೀಸೆ, ಕ್ವಾರ್ಟರ್ ಬಾಟಲಿ,
ಒಮ್ಮೆ ಒಬ್ಬಳು ಕುಂಕುಮದ ಭರಣಿ ತೊಳೆದು.
ಹೆಸರು ಹೇಳಲು ನಾಚಿಕೆ.
"ಅದನ್ನ ಎಲ್ಲಿಡ್ಲಿ ಸಾ?"

ನನಗೆ ನಾಚಿಕೆ ಹೋಗಿ ಹದಿನೇಳು ವರ್ಷ.
ಕಫ ಕಂಡರೆ ಕಸುಬು ಹೇಳಬಲ್ಲೆ:
ಇದು ಸುಣ್ಣದ ಗೂಡು, ಇದು ತೆಂಗಿನ ನಾರಿನ ಕಾರ್ಖಾನೆ.

ನಮ್ಮಜ್ಜಿಗೆ ನಳಿಕೆ ಬೇಕಿರಲಿಲ್ಲ.
ಬಚ್ಚಲ ಹಿಂದೆ ಇರುವೆ ಸಾಲು ನೋಡಿ
"ಯಾರದ್ದೋ ಸಿಹಿಯಾಗೈತೆ" ಅಂದಿದ್ದಳು.
ತಾತ ಆ ಆಷಾಢ ದಾಟಲಿಲ್ಲ.
ಇರುವೆಗಳು ವರದಿ ಕೊಡುತ್ತವೆ,
ಷರಾ ಬರೆಯುವುದಿಲ್ಲ.

ಕಲಿಸಿದವರು ಲಾಜರಸ್ ಮೇಷ್ಟ್ರು, ಹಾಸನದ ಮಿಷನ್ ಆಸ್ಪತ್ರೆಯಲ್ಲಿ:
ನೀಲಿ ದ್ರಾವಣ ಐದು ಎಂ.ಎಲ್., ಅದಕ್ಕೆ ಎಂಟು ಹನಿ,
ಒಂಬತ್ತಲ್ಲ.
ಸ್ಪಿರಿಟ್ ದೀಪದ ಮೇಲೆ ಓರೆ ಹಿಡಿ,
ಬಾಯಿ ಯಾರ ಕಡೆಗೂ ಬೇಡ,
ನಳಿಕೆಯದ್ದೂ, ನಿನ್ನದೂ.
ನೀಲಿ ಉಳಿದರೆ ಮನುಷ್ಯ ಉಳಿದ.
ಇಲ್ಲದಿದ್ದರೆ ಹಸಿರು, ಹಳದಿ, ಕಿತ್ತಳೆ, ಕಡೆಗೆ ಇಟ್ಟಿಗೆ.
ಎಲ್ಲಕ್ಕೂ ಮೊದಲು ಶೀಸೆ ಮುಟ್ಟಿ ನೋಡು:
ಮೈಯಿಂದ ಬಂದದ್ದು ಬೆಚ್ಚಗಿರುತ್ತದೆ.

ಡ್ರೈವರ್ ಓಂಕಾರಪ್ಪನ ಶೀಸೆ ತಣ್ಣಗಿತ್ತು.
"ಈಗ್ತಾನೆ ಹಿಡ್ಕಂಡು ಬಂದೆ" ಅಂದ,
ಗೋಡೆಯ ಕ್ಯಾಲೆಂಡರಿಗೆ.
ಸಕ್ಕರೆ ಬಂದರೆ ಸ್ಟೀರಿಂಗ್ ಹೋಗುತ್ತದೆ,
ಡಿಪೋದಲ್ಲಿ ಟೈರು ಉರುಳಿಸಬೇಕು, ಬಾಟಾ ಇಲ್ಲ.
ನನಗೂ ಗೊತ್ತು.
ತಮ್ಮಂದಿರು, ಭಾವಮೈದುನರು, ಒಮ್ಮೆ ಒಬ್ಬ ಕಂಡಕ್ಟರು ಕೂಡ
ಈ ಕೋಣೆಯಲ್ಲಿ ಬೇರೆಯವರ ಹೆಸರಲ್ಲಿ ಕುದಿದಿದ್ದಾರೆ.
ಸುಮ್ಮನೆ ಎಂಟು ಹನಿ ಎಣಿಸಿದೆ.

ನೀಲಿ ಒಂದು ಕ್ಷಣವೂ ತಡೆಯಲಿಲ್ಲ.
ಹಸಿರಿನಲ್ಲಿ ನಿಲ್ಲಲಿಲ್ಲ, ಹಳದಿಯಲ್ಲಿ ನಿಲ್ಲಲಿಲ್ಲ,
ಕೋರಿಕೆ ನಿಲುಗಡೆಗಳನ್ನೆಲ್ಲ ಹಾರಿಸಿಕೊಂಡು
ನೇರ ಇಟ್ಟಿಗೆಗೆ ಹೋಗಿ ನಿಂತಿತು.

"ನಾಲ್ಕು ಪ್ಲಸ್" ಅಂದೆ.
ಓಂಕಾರಪ್ಪ ಬೆಂಚು ಹಿಡಿದ.
"ನಂದಲ್ಲ ಸಾ."
ಹೊರಗೆ ಗೂಡ್ಸ್ ಗಾಡಿ, ನಲವತ್ತು ಡಬ್ಬಿ;
ಮುಗಿಯುವವರೆಗೂ ಇಬ್ಬರೂ ಕಾದೆವು.
"ನಮ್ಮ ಯೋಗೀಶಂದು. ಮೂರನೇ ಕ್ಲಾಸು.
ಹುಡುಗ್ರದ್ದು ಶುದ್ಧ ಇರ್ತದೆ ಅಂತ..."

ಆಮೇಲೆ ಕೇಳದೆಯೇ ಬಂತು, ಒಂದೊಂದೇ:
ರಾತ್ರಿಯೆಲ್ಲ ಚೊಂಬುಗಟ್ಟಲೆ ನೀರು ಕುಡೀತಾನೆ,
ಹಾಸಿಗೆ ಒದ್ದೆ ಮಾಡ್ಕಂತಾನೆ ಅಂತ ಅವಳು ಬರೆ ಹಾಕಿದ್ಲು,
ಚಡ್ಡಿ ಸೊಂಟದ ಮೇಲೆ ನಿಲ್ಲಲ್ಲ,
ಉಡದಾರ ಎರಡು ಸಲ ಬಿಗಿ ಮಾಡಿದ್ವಿ...
ಹೇಳುತ್ತ ಹೇಳುತ್ತ ಅವನಿಗೇ ಕೇಳಿಸಿತು.

ಓಡಿದ. ಖಾಕಿ ಟೋಪಿ ಮೇಜಿನ ಮೇಲೇ.
ಮೂರೂ ಹತ್ತರ ಹಾಸನದ ಬಸ್ಸು
ಅವತ್ತು ಬೇರೆಯವರ ಕೈಯಲ್ಲಿ ಹೊರಟಿತಂತೆ.
ಮುಂದಿನ ಸೀಟಿನಲ್ಲಿ ಓಂಕಾರಪ್ಪ, ತೊಡೆಯ ಮೇಲೆ ಹುಡುಗ,
ಬಲಗಾಲು ಬರೀ ನೆಲದ ಮೇಲೆ
ದಾರಿಯುದ್ದಕ್ಕೂ ಆಕ್ಸಿಲರೇಟರ್ ತುಳಿಯುತ್ತ.

ರಿಜಿಸ್ಟರಿನಲ್ಲಿ ಹೆಸರು ಹೊಡೆದು ಹಾಕಿದೆ,
ಮೇಲೆ ಸಣ್ಣಕ್ಷರದಲ್ಲಿ ಮಗನದು.
ವಯಸ್ಸಿನ ಕಾಲಮ್ಮಿನಲ್ಲಿ ನಲವತ್ತಾರಿದ್ದದ್ದು
ಎಂಟು.

ಯುಗಾದಿ ಕಳೆದ ಮೇಲೆ ಬಂದ.
ಟೋಪಿಗೆ ಬಂದನೆಂದುಕೊಂಡೆ.
ಹುಡುಗನಿಗೆ ದಿನಕ್ಕೆರಡು ಸೂಜಿ, ಈಗ ಅಳಲ್ಲ,
ಅವರಮ್ಮನೇ ಕಲಿತವಳೆ, ಅವಳು ಅಳ್ತಾಳೆ, ಕೈ ಮಾತ್ರ ನಡುಗಲ್ಲ.
ಆಮೇಲೆ ಜೇಬಿನಿಂದ ಒಂದು ಶೀಸೆ ತೆಗೆದು
ಮೇಜಿನ ಮೇಲಲ್ಲ, ನನ್ನ ಅಂಗೈಯಲ್ಲೇ ಇಟ್ಟ.
ಬೆಚ್ಚಗಿತ್ತು.
"ನಂದೇ" ಅಂದ.

ದೀಪ ಹಚ್ಚಿದೆ. ಓರೆ ಹಿಡಿದೆ.
ಬಂದ ಬಣ್ಣ ರಿಜಿಸ್ಟರಿನಲ್ಲಿದೆ,
ಇಲ್ಲಿ ಬರೆಯುವುದಿಲ್ಲ.
ನಳಿಕೆಯ ಬಾಯಿ ಕಿಟಕಿಯ ಕಡೆಗಿತ್ತು,
ಕಿಟಕಿಯಾಚೆ ಯಾರೂ ಇರಲಿಲ್ಲ.